ಗ್ರಾಮೀಣ ಆರೋಗ್ಯ ಸೇವೆಗಳು ಮತ್ತು ಆರೋಗ್ಯ ಸಿಬ್ಬಂದಿ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಗ್ರಾಮೀಣ ಪ್ರದೇಶದ ಕುಟುಂಬವೊಂದಕ್ಕೆ ವೈದ್ಯಕೀಯ ನೆರವಿನ ಅವಶ್ಯಕತೆ ಯಾವ ಗಳಿಗೆಯಲ್ಲಿ ಒದಗುವುದೆಂದು ಮುಂಚಿತವಾಗಿ ಹೇಳಲಾಗದು. ನಡುರಾತ್ರಿಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡಾಗ ಅಥವಾ ಹೊಲದಲ್ಲಿ ಹಾವು ಕಚ್ಚಿದಾಗ, ಯಾರನ್ನು ಮೊದಲು ಕರೆಯಬೇಕು, ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ದಾಖಲೆಗಳನ್ನು ಕೊಂಡೊಯ್ಯಬೇಕು ಎಂಬುದು ತಿಳಿಯದೆ ಕಳೆದುಹೋಗುವ ಸಮಯವು ಜೀವಕ್ಕೆ ಎರವಾಗುವ ಸಂಭವವುಂಟು. ಕರ್ನಾಟಕದ ಗ್ರಾಮಗಳಲ್ಲಿ ಲಭ್ಯವಿರುವ ಸರ್ಕಾರಿ ಆರೋಗ್ಯ ಸೇವೆಗಳು, ಅವುಗಳನ್ನು ಪಡೆಯುವ ವಿಧಾನ, ಸೇವೆ ನೀಡುವ ಸಿಬ್ಬಂದಿಯ ಕರ್ತವ್ಯಗಳು ಹಾಗೂ ಈ ಸಿಬ್ಬಂದಿಗೆ ಗ್ರಾಮಸ್ಥರು ನೀಡಬಹುದಾದ ಸಹಕಾರವನ್ನು ಕುರಿತು ಇಲ್ಲಿ ವಿವರಿಸಲಾಗಿದೆ.

ಆರೋಗ್ಯ ಸಂಸ್ಥೆಗಳ ಶ್ರೇಣಿ

ಗ್ರಾಮೀಣ ಆರೋಗ್ಯ ವ್ಯವಸ್ಥೆಯು ಜನಸಂಖ್ಯೆಯ ಆಧಾರದ ಮೇಲೆ ಹಂತಹಂತವಾಗಿ ರೂಪುಗೊಂಡಿದೆ. ರಾಷ್ಟ್ರೀಯ ಮಾನದಂಡದನ್ವಯ ಬಯಲುಸೀಮೆಯಲ್ಲಿ 5,000 ಜನಸಂಖ್ಯೆಗೆ ಹಾಗೂ ಗುಡ್ಡಗಾಡು ಮತ್ತು ಗಿರಿಜನ ಪ್ರದೇಶಗಳಲ್ಲಿ 3,000 ಜನಸಂಖ್ಯೆಗೆ ಒಂದು ಆರೋಗ್ಯ ಉಪಕೇಂದ್ರವಿರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ಪ್ರಮಾಣವು ಅನುಕ್ರಮವಾಗಿ 30,000 ಮತ್ತು 20,000; ಸಮುದಾಯ ಆರೋಗ್ಯ ಕೇಂದ್ರಕ್ಕೆ 1,20,000 ಮತ್ತು 80,000. ಇವುಗಳ ಮೇಲೆ ತಾಲ್ಲೂಕು ಆಸ್ಪತ್ರೆ ಮತ್ತು ಜಿಲ್ಲಾ ಆಸ್ಪತ್ರೆಗಳು ಕಾರ್ಯ ನಿರ್ವಹಿಸುತ್ತವೆ.

2018ರಿಂದ ಉಪಕೇಂದ್ರಗಳನ್ನು ಹಂತಹಂತವಾಗಿ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮೇಲ್ದರ್ಜೆಗೇರಿಸಲಾಗಿದ್ದು, 2023ರಲ್ಲಿ ಅವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರನ್ನು ನೀಡಲಾಗಿದೆ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆ, ಈ ಕಾಯಿಲೆಗಳಿಗೆ ವೈದ್ಯರು ಸೂಚಿಸಿದ ಮಾತ್ರೆಗಳ ವಿತರಣೆ ಹಾಗೂ ಇ-ಸಂಜೀವಿನಿ ಮೂಲಕ ದೂರದ ವೈದ್ಯರೊಂದಿಗೆ ಸಮಾಲೋಚನೆ ಈ ಕೇಂದ್ರಗಳ ಸೇವೆಗಳಾಗಿವೆ. ಆದುದರಿಂದ ಸಾಮಾನ್ಯ ತಪಾಸಣೆಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಹೋಗುವ ಮುನ್ನ ಸಮೀಪದ ಕೇಂದ್ರದಲ್ಲಿ ವಿಚಾರಿಸುವುದು ಸೂಕ್ತ.

ಗ್ರಾಮ ಮಟ್ಟದ ಸಿಬ್ಬಂದಿ ಮತ್ತು ಅವರ ಕರ್ತವ್ಯಗಳು

ಆಶಾ ಕಾರ್ಯಕರ್ತೆ: 2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಸುಮಾರು 1,000 ಜನಸಂಖ್ಯೆಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ಆಯ್ಕೆ ಮಾಡುವ ವ್ಯವಸ್ಥೆ ಜಾರಿಗೆ ಬಂದಿತು. ಇವರು ಅದೇ ಗ್ರಾಮದ ನಿವಾಸಿಯಾಗಿರುತ್ತಾರೆ. ಇವರು ವೇತನ ಶ್ರೇಣಿಯ ಸರ್ಕಾರಿ ನೌಕರರಲ್ಲ. ಗೌರವಧನ ಮತ್ತು ನಿರ್ವಹಿಸಿದ ಕಾರ್ಯಕ್ಕೆ ಅನುಗುಣವಾದ ಪ್ರೋತ್ಸಾಹಧನವನ್ನು ಪಡೆಯುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ಮತ್ತು ಶಿಶುವಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡಿ, ಶಿಶುವಿನ ತೂಕ, ಮೈಬಿಸಿ ಮತ್ತು ಹಾಲು ಕುಡಿಯುವ ಶಕ್ತಿಯನ್ನು ಪರಿಶೀಲಿಸುವುದು ಇವರ ಕರ್ತವ್ಯ.

ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ: ಹಿಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಕರೆಯಲಾಗುತ್ತಿದ್ದ ಇವರನ್ನು ಗ್ರಾಮಸ್ಥರು ಈಗಲೂ ಸಿಸ್ಟರ್ ಅಥವಾ ನರ್ಸಮ್ಮ ಎಂದೇ ಗುರುತಿಸುತ್ತಾರೆ. ಗರ್ಭಿಣಿಯರ ನೋಂದಣಿ ಮತ್ತು ತಪಾಸಣೆ, ಮಕ್ಕಳಿಗೆ ಲಸಿಕೆ, ಕುಟುಂಬ ಕಲ್ಯಾಣ ಸಲಹೆ ಹಾಗೂ ದಾಖಲೆಗಳ ನಿರ್ವಹಣೆ ಇವರ ಹೊಣೆಯಾಗಿರುತ್ತದೆ.

ಸಮುದಾಯ ಆರೋಗ್ಯ ಅಧಿಕಾರಿ: ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ನಿಯೋಜಿತರಾಗಿರುವ, ವಿಶೇಷ ತರಬೇತಿ ಪಡೆದ ಸಿಬ್ಬಂದಿ.

ವೈದ್ಯಾಧಿಕಾರಿ: ಪ್ರಾಥಮಿಕ ಆರೋಗ್ಯ ಕೇಂದ್ರದ ಮುಖ್ಯಸ್ಥರು. ಹೊರರೋಗಿಗಳ ಚಿಕಿತ್ಸೆಯಲ್ಲದೆ, ವ್ಯಾಪ್ತಿಯ ಎಲ್ಲ ಉಪಕೇಂದ್ರಗಳ ಮೇಲ್ವಿಚಾರಣೆಯೂ ಇವರಿಗೆ ಸೇರಿದೆ. ಕೇಂದ್ರದಲ್ಲಿ ವೈದ್ಯರು ಕಾಣದ ದಿನ ಅವರು ಕ್ಷೇತ್ರ ಭೇಟಿಯಲ್ಲಿಯೋ ಸಭೆಯಲ್ಲಿಯೋ ಇರುವ ಸಾಧ್ಯತೆಯುಂಟು. ಅಂತಹ ವೇಳೆ ಸಿಬ್ಬಂದಿಯನ್ನು ವಿಚಾರಿಸಿ ಅವರು ಹಿಂದಿರುಗುವ ಸಮಯವನ್ನು ತಿಳಿದುಕೊಳ್ಳಬಹುದು.

ಗರ್ಭಿಣಿಯರ ನೋಂದಣಿ ಮತ್ತು ತಾಯಿ ಕಾರ್ಡ್

ಗರ್ಭ ಧರಿಸಿದ 12 ವಾರಗಳೊಳಗಾಗಿ ಉಪಕೇಂದ್ರದಲ್ಲಿ ಹೆಸರನ್ನು ನೋಂದಾಯಿಸಿ ತಾಯಿ ಕಾರ್ಡ್ ಪಡೆಯತಕ್ಕದ್ದು. ಹೆರಿಗೆಯ ಮುನ್ನ ಕನಿಷ್ಠ 4 ಬಾರಿ ತಪಾಸಣೆ ಅವಶ್ಯ. ತೂಕ, ರಕ್ತದೊತ್ತಡ, ರಕ್ತದ ಹಿಮೋಗ್ಲೋಬಿನ್ ಮತ್ತು ಮೂತ್ರ ಪರೀಕ್ಷೆಗಳನ್ನು ಉಚಿತವಾಗಿ ಮಾಡಲಾಗುತ್ತದೆ. ಕಬ್ಬಿಣಾಂಶದ ಮಾತ್ರೆಗಳನ್ನು ಗರ್ಭಾವಸ್ಥೆಯಲ್ಲಿ 180 ದಿನಗಳ ಕಾಲ ನೀಡಲಾಗುತ್ತದೆ. 2016ರಿಂದ ಪ್ರತಿ ತಿಂಗಳ 9ನೆಯ ದಿನಾಂಕದಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಗರ್ಭಿಣಿಯರ ವಿಶೇಷ ತಪಾಸಣೆಯನ್ನು ಏರ್ಪಡಿಸಲಾಗುತ್ತಿದೆ.

ನೋಂದಣಿಯನ್ನು ಕೇವಲ ಕಾಗದದ ವಿಧಿಯೆಂದು ಭಾವಿಸುವವರುಂಟು. ವಾಸ್ತವವಾಗಿ ಲಸಿಕೆ ಮತ್ತು ಮಾತ್ರೆಗಳ ಬೇಡಿಕೆಯನ್ನು ಉಪಕೇಂದ್ರವು ಇದೇ ದಾಖಲೆಗಳ ಆಧಾರದ ಮೇಲೆ ಸಲ್ಲಿಸುತ್ತದೆ. ರಕ್ತಹೀನತೆ, ಅಧಿಕ ರಕ್ತದೊತ್ತಡ, ಅವಳಿ ಗರ್ಭ ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯ ಹಿನ್ನೆಲೆಯುಳ್ಳವರನ್ನು ಮೊದಲೇ ಗುರುತಿಸಿ, ಅವರ ಹೆರಿಗೆಯನ್ನು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ನಿಗದಿಪಡಿಸಲು ಸಹ ಇದರಿಂದಲೇ ಸಾಧ್ಯ. ನೋಂದಣಿಯಾಗದ ಗರ್ಭಿಣಿಯು ನೋವು ಕಾಣಿಸಿಕೊಂಡ ನಂತರ ಮೊದಲ ಬಾರಿಗೆ ಆಸ್ಪತ್ರೆಗೆ ಬಂದಲ್ಲಿ, ಕರ್ತವ್ಯದಲ್ಲಿರುವ ಶುಶ್ರೂಷಕಿಗೆ ಆಕೆಯ ರಕ್ತದ ಗುಂಪು ಸಹ ತಿಳಿದಿರುವುದಿಲ್ಲ.

ಎರಡು ಸಂದರ್ಭಗಳಲ್ಲಿ ವಿಶೇಷ ಎಚ್ಚರ ಅವಶ್ಯ. ಮೊದಲನೆಯದು, ಚೊಚ್ಚಲ ಹೆರಿಗೆಗೆ ತವರುಮನೆಗೆ ತೆರಳುವ ರೂಢಿ. ಗಂಡನ ಊರಿನಲ್ಲಿ ನೋಂದಣಿಯಾದ ಗರ್ಭಿಣಿಯು ಏಳನೆಯ ಅಥವಾ ಎಂಟನೆಯ ತಿಂಗಳಿನಲ್ಲಿ ತವರಿಗೆ ಹೋದಾಗ, ಅಲ್ಲಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಯದೆ ಕಡೆಯ ತಪಾಸಣೆಗಳು ತಪ್ಪುವ ಸಾಧ್ಯತೆಯಿದೆ. ಎರಡನೆಯದು, ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳು. ಈ ಎರಡೂ ಸಂದರ್ಭಗಳಲ್ಲಿ ಹೊರಡುವ ಮುನ್ನ ಸ್ವಗ್ರಾಮದ ಆಶಾ ಕಾರ್ಯಕರ್ತೆಗೆ ತಿಳಿಸಿ, ತಲುಪಿದ ನಂತರ ಅಲ್ಲಿನ ಉಪಕೇಂದ್ರದಲ್ಲಿ ತಾಯಿ ಕಾರ್ಡನ್ನು ಹಾಜರುಪಡಿಸತಕ್ಕದ್ದು. ಬೇರೆ ಊರಿನವರೆಂಬ ಕಾರಣದಿಂದ ತಪಾಸಣೆ, ಹೆರಿಗೆ ಅಥವಾ ಲಸಿಕೆಯನ್ನು ನಿರಾಕರಿಸುವಂತಿಲ್ಲ.

ಹೆರಿಗೆ ಸಂದರ್ಭದ ಸೌಲಭ್ಯಗಳು

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಳಕಂಡ ಸೌಲಭ್ಯಗಳು ಸಂಪೂರ್ಣ ಉಚಿತವಾಗಿರುತ್ತವೆ:

1. ಸಾಮಾನ್ಯ ಹೆರಿಗೆ ಮತ್ತು ಸಿಸೇರಿಯನ್ ಶಸ್ತ್ರಚಿಕಿತ್ಸೆ.
2. ಔಷಧಿ, ಪ್ರಯೋಗಾಲಯ ಪರೀಕ್ಷೆ ಮತ್ತು ಅವಶ್ಯವಿದ್ದಲ್ಲಿ ರಕ್ತ.
3. ಸಾಮಾನ್ಯ ಹೆರಿಗೆಗೆ 3 ದಿನ ಮತ್ತು ಸಿಸೇರಿಯನ್ ಹೆರಿಗೆಗೆ 7 ದಿನಗಳವರೆಗೆ ಊಟ.
4. ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ಮೇಲಿನ ಆಸ್ಪತ್ರೆಗೆ ಹಾಗೂ ಮರಳಿ ಮನೆಗೆ ವಾಹನ.
5. ಅನಾರೋಗ್ಯಪೀಡಿತ ನವಜಾತ ಶಿಶುವಿಗೆ ಚಿಕಿತ್ಸೆ.

ಇದಲ್ಲದೆ ಜನನಿ ಸುರಕ್ಷಾ ಯೋಜನೆಯಡಿ ಆಸ್ಪತ್ರೆಯಲ್ಲಿ ಹೆರಿಗೆಯಾಗುವ ಗ್ರಾಮೀಣ ಪ್ರದೇಶದ ಬಡತನ ರೇಖೆಗಿಂತ ಕೆಳಗಿರುವ ಹಾಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಮಹಿಳೆಯರಿಗೆ ರೂ. 700 ನೆರವನ್ನು ಬ್ಯಾಂಕ್ ಖಾತೆಯ ಮೂಲಕ ನೀಡಲಾಗುತ್ತದೆ. ಇದಕ್ಕಾಗಿ ತಾಯಿ ಕಾರ್ಡ್, ಪಡಿತರ ಚೀಟಿ ಅಥವಾ ಜಾತಿ ಪ್ರಮಾಣ ಪತ್ರ, ಆಧಾರ್ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಹೆರಿಗೆಗೆ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳುವುದು ಒಳಿತು. ದಾಖಲೆಗಳಿಲ್ಲವೆಂಬ ಕಾರಣಕ್ಕೆ ಹೆರಿಗೆಗೆ ಆಸ್ಪತ್ರೆಗೆ ಬರಲು ಹಿಂಜರಿಯಬಾರದು. ದಾಖಲೆಗಳನ್ನು ನಂತರವೂ ಸಲ್ಲಿಸಬಹುದು.

ತುರ್ತು ಸಂದರ್ಭಗಳು

ಆರೋಗ್ಯ ಕವಚ ಹೆಸರಿನ ಉಚಿತ 108 ಆಂಬುಲೆನ್ಸ್ ಸೇವೆಯು ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಕರೆ ಮಾಡುವವರು ಗ್ರಾಮದ ಹೆಸರಿನೊಂದಿಗೆ ತಾಲ್ಲೂಕು ಮತ್ತು ಹತ್ತಿರದ ದೇವಸ್ಥಾನ, ಶಾಲೆ ಅಥವಾ ಬಸ್ ನಿಲ್ದಾಣದ ಗುರುತನ್ನು ತಿಳಿಸತಕ್ಕದ್ದು. ಒಂದೇ ಹೆಸರಿನ ಹಲವು ಗ್ರಾಮಗಳಿರುವುದರಿಂದ ಇದು ಮುಖ್ಯ. ತೋಟದ ಮನೆಗಳಲ್ಲಿ ವಾಸಿಸುವವರು ಮುಖ್ಯ ರಸ್ತೆಗೆ ಒಬ್ಬರನ್ನು ಕಳುಹಿಸಿ ವಾಹನಕ್ಕೆ ದಾರಿ ತೋರಿಸುವ ವ್ಯವಸ್ಥೆ ಮಾಡಬೇಕು.

ಹಾವು ಕಡಿತವನ್ನು ರಾಜ್ಯದಲ್ಲಿ 2024ರಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಲಾಗಿದೆ. ಹಾವು ಕಚ್ಚಿದವರನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, ಉಂಗುರ, ಕಾಲುಂಗುರ, ಬಳೆಗಳನ್ನು ತೆಗೆದು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯವನ್ನು ಕೊಯ್ಯುವುದು, ರಕ್ತ ಹೀರುವುದು ಅಪಾಯಕಾರಿ. ಹಾವನ್ನು ಹಿಡಿದು ತರುವ ಅವಶ್ಯಕತೆಯಿಲ್ಲ. ನಾಟಿ ಔಷಧಿ ಅಥವಾ ಮಂತ್ರಕ್ಕಾಗಿ ಕಳೆದ ಸಮಯವನ್ನು ಮರಳಿ ಪಡೆಯಲಾಗದು.

ಹೆಚ್ಚಿನ ಚಿಕಿತ್ಸೆ ಮತ್ತು ಶಿಫಾರಸು ಪತ್ರ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಚಿಕಿತ್ಸೆಯು ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದಲ್ಲಿ, ಅಲ್ಲಿನ ವೈದ್ಯರಿಂದ ಶಿಫಾರಸು ಪತ್ರ ಪಡೆದು ಯೋಜನೆಯಡಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗತಕ್ಕದ್ದು. ಯೋಜನೆಯಲ್ಲಿ ಗುರುತಿಸಿರುವ ತುರ್ತು ಚಿಕಿತ್ಸೆಗಳಿಗೆ ಶಿಫಾರಸು ಪತ್ರದ ಅಗತ್ಯವಿಲ್ಲ. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ಜೊತೆಯಲ್ಲಿ ಕೊಂಡೊಯ್ಯಬೇಕು.

ಗ್ರಾಮಗಳಲ್ಲಿ ಸಿಬ್ಬಂದಿ ಉಳಿಯುವಂತೆ ಮಾಡಲು ಕೈಗೊಂಡ ಕ್ರಮಗಳು

ನಗರದಿಂದ ದೂರವಿರುವ ಕೇಂದ್ರಗಳಲ್ಲಿ ವೈದ್ಯರು ಮತ್ತು ಶುಶ್ರೂಷಕಿಯರು ನೆಲೆಸುವುದು ಸುಲಭವಲ್ಲ. ವಸತಿಗೃಹ, ಮಕ್ಕಳ ಶಾಲೆ, ರಾತ್ರಿ ವೇಳೆಯ ಭದ್ರತೆ ಮತ್ತು ಬಸ್ ಸೌಕರ್ಯಗಳು ಇದಕ್ಕೆ ಕಾರಣಗಳು. ಈ ಕೊರತೆಯನ್ನು ನೀಗಿಸಲು 2012ರ ಅಧಿನಿಯಮದ ಮೂಲಕ, ರಾಜ್ಯದಲ್ಲಿ ವೈದ್ಯಕೀಯ ಶಿಕ್ಷಣ ಪೂರೈಸಿದವರಿಗೆ ಒಂದು ವರ್ಷದ ಕಡ್ಡಾಯ ಸರ್ಕಾರಿ ಸೇವೆಯನ್ನು ವಿಧಿಸಲಾಯಿತು. ಅನಂತರದ ತಿದ್ದುಪಡಿಯಿಂದ ಇದನ್ನು ಖಾಲಿ ಹುದ್ದೆಗಳಿಗೆ ಅನುಗುಣವಾಗಿ ಅನ್ವಯಿಸಲಾಗುತ್ತಿದೆ. ಕಲ್ಯಾಣ ಕರ್ನಾಟಕ ಪ್ರದೇಶದಲ್ಲಿ ಸಂವಿಧಾನದ 371(ಜೆ) ಅನುಚ್ಛೇದದಡಿ ಶಿಕ್ಷಣ ಮತ್ತು ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿಯಿದ್ದು, ಅದೇ ಭಾಗದವರು ಅಲ್ಲಿಯೇ ಸೇವೆ ಸಲ್ಲಿಸಲು ಅವಕಾಶವಾಗಿದೆ.

ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ನಡೆಸುವುದು ಮತ್ತು ಆಸ್ಪತ್ರೆಯ ಆಸ್ತಿಗೆ ಹಾನಿ ಮಾಡುವುದು 2009ರ ರಾಜ್ಯ ಅಧಿನಿಯಮದನ್ವಯ ಶಿಕ್ಷಾರ್ಹ ಅಪರಾಧ. ರಾತ್ರಿ ಪಾಳಿಯಲ್ಲಿ ಒಬ್ಬರೇ ಶುಶ್ರೂಷಕಿ ಇರುವ ಕೇಂದ್ರದಲ್ಲಿ ಇಂತಹ ಒಂದು ಘಟನೆ ನಡೆದರೆ, ಅಲ್ಲಿಗೆ ಬರಲು ಮುಂದಿನವರು ಹಿಂಜರಿಯುವರು. ಅದರ ನಷ್ಟವನ್ನು ಇಡೀ ಗ್ರಾಮವೇ ಅನುಭವಿಸಬೇಕಾಗುತ್ತದೆ.

ಗ್ರಾಮಸ್ಥರ ಪಾತ್ರ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಗ್ರಾಮಸ್ಥರು ಇರುತ್ತಾರೆ. ಉಪಕೇಂದ್ರಕ್ಕೆ ನೀರು, ವಿದ್ಯುತ್ ದೀಪ, ಸುತ್ತುಗೋಡೆ ಮತ್ತು ದಾರಿಯ ಕೊರತೆಗಳನ್ನು ಈ ಸಮಿತಿಯಲ್ಲಿ ಹಾಗೂ ಗ್ರಾಮಸಭೆಯಲ್ಲಿ ಮಂಡಿಸಬಹುದು. ಸಿಬ್ಬಂದಿಗೆ ಬಾಡಿಗೆ ಮನೆ ದೊರಕಿಸಿಕೊಡುವುದು, ರಾತ್ರಿ ಹೆರಿಗೆಗೆ ಆಶಾ ಕಾರ್ಯಕರ್ತೆಯನ್ನು ಕರೆದಾಗ ಆಕೆಯನ್ನು ಮನೆಗೆ ಸುರಕ್ಷಿತವಾಗಿ ತಲುಪಿಸುವುದು ಮುಂತಾದ ಸಹಕಾರಕ್ಕೆ ಯಾವುದೇ ಆದೇಶದ ಅಗತ್ಯವಿಲ್ಲ.

ಸೇವೆ ದೊರೆಯದಿದ್ದಲ್ಲಿ

ಉಚಿತ ಸೇವೆಗೆ ಹಣ ಕೇಳಿದಲ್ಲಿ, ಔಷಧಿಯನ್ನು ಹೊರಗಿನಿಂದ ತರುವಂತೆ ಸೂಚಿಸಿದಲ್ಲಿ ಅಥವಾ ಸೇವೆಯನ್ನು ನಿರಾಕರಿಸಿದಲ್ಲಿ, ದಿನಾಂಕ ಮತ್ತು ಸಮಯವನ್ನು ನಮೂದಿಸಿ ಮೊದಲು ವೈದ್ಯಾಧಿಕಾರಿಗೆ, ನಂತರ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗೆ ಲಿಖಿತ ದೂರು ಸಲ್ಲಿಸಬಹುದು. ದೂರಿನ ಪ್ರತಿಗೆ ಸ್ವೀಕೃತಿ ಪಡೆದುಕೊಳ್ಳಬೇಕು. ಆರೋಗ್ಯ ಸಹಾಯವಾಣಿ 104ಕ್ಕೂ ಕರೆ ಮಾಡಬಹುದು.

ಸಾರ್ವಜನಿಕರು ಮೇಲ್ಕಂಡ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕೆಂದೂ, ತಮ್ಮ ಗ್ರಾಮದ ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿಯ ದೂರವಾಣಿ ಸಂಖ್ಯೆಗಳನ್ನು ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಟ್ಟುಕೊಳ್ಳಬೇಕೆಂದೂ ಕೋರಲಾಗಿದೆ.