ಓದಲು ಇಂಗ್ಲೆಂಡಿಗೆ ಹೋದರೆ ಗಂಡ-ಹೆಂಡತಿಗೂ ವೀಸಾ ಸಿಗುತ್ತಾ? ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಮಗಳು ಎಂಎಸ್ಸಿ ಓದೋಕೆ ಇಂಗ್ಲೆಂಡಿಗೆ ಹೋಗ್ತಾಳೆ, ಅಷ್ಟರೊಳಗೆ ಮದುವೆ ಮಾಡಿದರೆ ಅಳಿಯನೂ ಡಿಪೆಂಡೆಂಟ್ ವೀಸಾದಲ್ಲಿ ಹೋಗಿ ಅಲ್ಲಿ ದುಡೀತಾನೆ, ಸಾಲ ಬೇಗ ತೀರುತ್ತೆ. ಈ ಲೆಕ್ಕ 2023ರವರೆಗೆ ಸರಿ ಇತ್ತು. ಈಗ ನಡೆಯಲ್ಲ. ಆದರೂ ಇದೇ ಮಾತು ನಂಬಿ ಸೈಟು, ಜಮೀನು ಅಡ ಇಡಲು ಹೊರಡುವವರಿಗಾಗಿ ಈ ಮಾಹಿತಿ.

2024ರ ಜನವರಿ 1ರಿಂದ ಶುರುವಾದ ಕೋರ್ಸ್‌ಗಳಿಗೆ ಬ್ರಿಟನ್ ಸರ್ಕಾರ ನಿಯಮ ಬದಲಿಸಿದೆ. ಎಂಎಸ್ಸಿ, ಎಂಬಿಎ, ಎಂಎ ಥರದ ಮಾಮೂಲಿ ಮಾಸ್ಟರ್ಸ್ ಓದುವವರು ಗಂಡ, ಹೆಂಡತಿ, ಮಕ್ಕಳನ್ನು ಡಿಪೆಂಡೆಂಟ್ ಆಗಿ ಕರೆದುಕೊಂಡು ಹೋಗುವಂತಿಲ್ಲ. ಪಿಎಚ್‌ಡಿ ಮಾಡುವವರಿಗೆ, ಸಂಶೋಧನೆಯೇ ಮುಖ್ಯವಾದ ಉನ್ನತ ಪದವಿ ಓದುವವರಿಗೆ ಮತ್ತು ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಹೋಗುವವರಿಗೆ ಮಾತ್ರ ಅವಕಾಶ ಉಳಿದಿದೆ. "ನಿಮ್ಮ ಕೋರ್ಸ್‌ನಲ್ಲೂ ಕೊನೆಗೆ ಪ್ರಾಜೆಕ್ಟ್ ಇದೆಯಲ್ಲ, ಅದೂ ರಿಸರ್ಚೇ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕ್ಲಾಸ್‌ನಲ್ಲಿ ಪಾಠ ಕೇಳಿ ಕೊನೆಗೆ ಪ್ರಾಜೆಕ್ಟ್ ಬರೆಯುವ ಎಂಎಸ್ಸಿ ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಅಪ್ಪ-ಅಮ್ಮನಿಗೆ ಸ್ಟೂಡೆಂಟ್ ವೀಸಾದ ಡಿಪೆಂಡೆಂಟ್ ಆಗಲು ಮೊದಲೂ ಅವಕಾಶ ಇರಲಿಲ್ಲ.

"ಮೊದಲು ಒಬ್ಬರು ಹೋಗಲಿ, ಆಮೇಲೆ ಕರೆಸಿಕೊಳ್ಳಬಹುದು" ಅನ್ನುವುದು ಎರಡನೇ ಮಾತು. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೋರ್ಸ್ ಮುಗಿಸಿದವರಿಗೆ ಅಲ್ಲೇ ಉಳಿದು ಕೆಲಸ ಮಾಡಲು ಗ್ರಾಜುಯೇಟ್ ವೀಸಾ ಕೊಡುತ್ತಾರೆ. ಇದು 2 ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಒಂದೂವರೆ ವರ್ಷ ಮಾತ್ರ, ಪಿಎಚ್‌ಡಿ ಮಾಡಿದವರಿಗೆ 3 ವರ್ಷ ಹಾಗೇ ಇದೆ. ಆದರೆ ಈ ವೀಸಾದ ಮೇಲೂ ಊರಿನಿಂದ ಹೆಂಡತಿಯನ್ನೋ ಗಂಡನನ್ನೋ ಹೊಸದಾಗಿ ಕರೆಸಿಕೊಳ್ಳಲು ಆಗುವುದಿಲ್ಲ. ಓದುವಾಗಲೇ ಡಿಪೆಂಡೆಂಟ್ ಆಗಿ ಜೊತೆಗಿದ್ದವರು ಮಾತ್ರ ಮುಂದುವರಿಯಬಹುದು. ಹೊಸದಾಗಿ ಕರೆಸಬೇಕೆಂದರೆ ಸ್ಕಿಲ್ಡ್ ವರ್ಕರ್ ವೀಸಾ ಆಗಬೇಕು. ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು, ಹೊಸದಾಗಿ ಓದಿ ಬಂದವರಿಗೆ ವಿನಾಯಿತಿ ಕೊಟ್ಟರೂ 33,400 ಪೌಂಡ್. ಪೌಂಡ್‌ಗೆ 115 ರೂಪಾಯಿ ಹಿಡಿದರೆ 38 ಲಕ್ಷ ದಾಟುತ್ತದೆ. ಆ ಕೆಲಸ ಕೊಡುವ ಕಂಪನಿಗೆ ಸ್ಪಾನ್ಸರ್ ಲೈಸೆನ್ಸೂ ಇರಬೇಕು. ಕೋರ್ಸ್ ಅರ್ಧಕ್ಕೆ ಬಿಟ್ಟು ಕೆಲಸದ ವೀಸಾಕ್ಕೆ ಹಾರುವ ದಾರಿಯನ್ನು 2023ರ ಜುಲೈನಲ್ಲೇ ಮುಚ್ಚಿದ್ದಾರೆ.

ಅಲ್ಲಿವರೆಗೆ ನೋಡಿಕೊಂಡು ಬರಲು ವಿಸಿಟರ್ ವೀಸಾ ಇದೆ. ಒಂದು ಸಲಕ್ಕೆ 6 ತಿಂಗಳು ಮೀರುವಂತಿಲ್ಲ, ಕೆಲಸ ಮಾಡುವಂತಿಲ್ಲ. ಹೊಸದಾಗಿ ಮದುವೆಯಾದವರು ಎರಡು-ಮೂರು ವರ್ಷ ಬೇರೆ ಬೇರೆ ಇರುವುದಕ್ಕೆ ತಯಾರಿದ್ದಾರಾ ಅಂತ ಎರಡೂ ಮನೆಯವರು ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಬ್ಯಾಂಕ್‌ನಲ್ಲಿ 28 ದಿನ

ವ್ಯಾಪಾರಸ್ಥರ ಮನೆಯವರು ಎಡವುವುದು ಇಲ್ಲಿ. ಮೊದಲ ವರ್ಷದ ಫೀಸ್‌ನಲ್ಲಿ ಬಾಕಿ ಎಷ್ಟಿದೆಯೋ ಅಷ್ಟು, ಅದರ ಜೊತೆ 9 ತಿಂಗಳ ಖರ್ಚಿನ ಹಣ ತೋರಿಸಬೇಕು. 2025ರ ನವೆಂಬರ್‌ನಿಂದ ಲಂಡನ್ ಆದರೆ ತಿಂಗಳಿಗೆ 1,529 ಪೌಂಡ್, ಬೇರೆ ಊರಾದರೆ 1,171. ಲಂಡನ್ ಬಿಟ್ಟು ಬೇರೆ ಕಡೆ ಅಂದರೂ ಒಟ್ಟು 10,539 ಪೌಂಡ್, ಹತ್ತಿರ ಹತ್ತಿರ 12 ಲಕ್ಷ ರೂಪಾಯಿ. ಈ ಹಣ ಸತತ 28 ದಿನ ಖಾತೆಯಲ್ಲಿರಬೇಕು. ನಡುವೆ ಒಂದೇ ಒಂದು ದಿನ, ಯಾವನೋ ಹೋಲ್‌ಸೇಲ್‌ನವನಿಗೆ ಚೆಕ್ ಕೊಟ್ಟು ಬ್ಯಾಲೆನ್ಸ್ ಕೆಳಗಿಳಿದರೂ ಮತ್ತೆ ಮೊದಲಿನಿಂದ ಎಣಿಸಬೇಕು. ಆ 28 ದಿನ ಮುಗಿದ 31 ದಿನದೊಳಗೆ ಅರ್ಜಿ ಹಾಕಬೇಕು.

ಖಾತೆ ವಿದ್ಯಾರ್ಥಿಯ ಹೆಸರಲ್ಲಿ ಅಥವಾ ಅಪ್ಪ-ಅಮ್ಮನ ಹೆಸರಲ್ಲಿರಬಹುದು. ಅಪ್ಪ-ಅಮ್ಮನದಾದರೆ ಅವರ ಒಪ್ಪಿಗೆ ಪತ್ರ, ವಿದ್ಯಾರ್ಥಿಯ ಜನನ ಪ್ರಮಾಣಪತ್ರ ಬೇಕು. ಸೋದರಮಾವನ ಖಾತೆ ಆಗಲ್ಲ. ಪಹಣಿ, ಬಂಗಾರ ತೋರಿಸಿದರೂ ಲೆಕ್ಕಕ್ಕಿಲ್ಲ. ವಿದ್ಯಾರ್ಥಿಯ ಹೆಸರಲ್ಲಿ ಬ್ಯಾಂಕಿನ ಎಜುಕೇಶನ್ ಲೋನ್ ಮಂಜೂರಾಗಿದ್ದರೆ ಅದನ್ನು ಒಪ್ಪುತ್ತಾರೆ. "ಬ್ಯಾಲೆನ್ಸ್ ನಾವೇ ತೋರಿಸ್ತೀವಿ" ಎನ್ನುವವರ ಹತ್ತಿರ ಹೋಗಲೇಬೇಡಿ. ನಕಲಿ ದಾಖಲೆ ಅಂತ ಗೊತ್ತಾದರೆ 10 ವರ್ಷದವರೆಗೆ ಬ್ರಿಟನ್ ವೀಸಾ ಸಿಗದೇ ಹೋಗಬಹುದು.

ಅಲ್ಲಿ ಹೋಗಿ ದುಡಿದು ಫೀಸ್ ಕಟ್ಟುತ್ತೇನೆ ಅನ್ನುವುದೂ ಕಷ್ಟವೇ. ಡಿಗ್ರಿ, ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಸ್ವಂತ ವ್ಯಾಪಾರ ಮಾಡುವಂತಿಲ್ಲ.

ಬೇರೆ ದೇಶಗಳ ನಿಯಮ ಬೇರೆ. ಅಮೆರಿಕಕ್ಕೆ ಗಂಡ-ಹೆಂಡತಿ ಎಫ್-2 ವೀಸಾದಲ್ಲಿ ಹೋಗಬಹುದು, ಆದರೆ ಕೆಲಸ ಮಾಡುವಂತಿಲ್ಲ. ಕೆನಡಾದಲ್ಲಿ 2025ರ ಜನವರಿಯಿಂದ 16 ತಿಂಗಳು ಅಥವಾ ಹೆಚ್ಚಿನ ಮಾಸ್ಟರ್ಸ್, ಪಿಎಚ್‌ಡಿ ಮತ್ತು ಕೆಲವು ವೃತ್ತಿ ಕೋರ್ಸ್‌ಗಳವರ ಸಂಗಾತಿಗೆ ಮಾತ್ರ ಓಪನ್ ವರ್ಕ್ ಪರ್ಮಿಟ್.

ಇಂಗ್ಲೆಂಡಿಗೇ ಹೋಗುವುದು ಅಂತ ತೀರ್ಮಾನಿಸಿದ್ದರೆ ಟಿಬಿ ಪರೀಕ್ಷೆ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿಕೊಳ್ಳಿ. ಬ್ರಿಟನ್ ಸರ್ಕಾರ ಒಪ್ಪಿದ ಕ್ಲಿನಿಕ್‌ನದ್ದೇ ಆಗಬೇಕು, ನಮ್ಮ ತಾಲೂಕು ಆಸ್ಪತ್ರೆಯ ರಿಪೋರ್ಟ್ ನಡೆಯಲ್ಲ. ಬೆಂಗಳೂರಿನಲ್ಲಿ ಸೌಲಭ್ಯ ಇದೆ. ವೀಸಾ ಅರ್ಜಿಯ ಜೊತೆ ಆರೋಗ್ಯ ಸರ್‌ಚಾರ್ಜ್ ಅಂತ ವರ್ಷಕ್ಕೆ 776 ಪೌಂಡ್ ಕಟ್ಟಿಸಿಕೊಳ್ಳುತ್ತಾರೆ. ವೀಸಾ ತಿರಸ್ಕಾರವಾದರೆ ಈ ಸರ್‌ಚಾರ್ಜ್ ವಾಪಸ್ ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ. ಏಜೆಂಟರಿಗೆ ಕೊಟ್ಟ ಹಣದ ಬಗ್ಗೆ ಏನು ಅಂತ ರಸೀದಿಯಲ್ಲೇ ಬರೆಸಿಕೊಳ್ಳಿ.