ಆಟಕ್ಕೆ ಕರೆಯದೆ ಬಿಟ್ಟ ಮಗು

ಶಾಲೆಯಲ್ಲಿ ಇಬ್ಬರು ಹುಡುಗರು ಹೊಡೆದಾಡಿಕೊಂಡರೆ ಐದೇ ನಿಮಿಷದಲ್ಲಿ ವಿಚಾರಣೆ ಮುಗಿಯುತ್ತದೆ. ಮೊದಲು ಕೈ ಎತ್ತಿದವರು ಯಾರು, ಯಾರ ಅಂಗಿ ಹರಿಯಿತು ಎಂದು ಕೇಳಿ, ಇಬ್ಬರಿಗೂ ಬೈದು, ಕೈ ಕುಲುಕಿಸಿ ತರಗತಿಗೆ ಕಳಿಸುತ್ತಾರೆ. ಅದೇ ಅಂಗಳದ ಬೇವಿನ ಮರದಡಿ ಒಬ್ಬಳು ಹುಡುಗಿ ಜೂನ್ ತಿಂಗಳಿಂದ ಒಬ್ಬಳೇ ಕೂತಿದ್ದರೆ ಯಾರೂ ಏನೂ ಕೇಳುವುದಿಲ್ಲ. ಅವಳ ಮೈಮೇಲೆ ಗಾಯವಿಲ್ಲ, ದೂರು ಬಂದಿಲ್ಲ, ಹಾಜರಿ ಪುಸ್ತಕದಲ್ಲಿ ಒಂದು ದಿನವೂ ತಪ್ಪಿಲ್ಲ.

ಜಗಳಕ್ಕೆ ಎರಡು ಕಡೆಗಳಿರುತ್ತವೆ. ಹೊರಗಿಡುವಾಗ ಒಂದು ಕಡೆ ಇಡೀ ಗುಂಪು, ಇನ್ನೊಂದು ಕಡೆ ಒಂದೇ ಮಗು. ಎರಡಕ್ಕೂ ಒಂದೇ ಮದ್ದು ಕೊಡುವುದರಲ್ಲೇ ನಮ್ಮ ಶಾಲೆಗಳು ಎಡವುತ್ತಿವೆ ಎಂಬುದು ನನ್ನ ಬಲವಾದ ಅನಿಸಿಕೆ. ‘ಹೊಂದಿಕೊಂಡು ಹೋಗಿ’ ಎಂಬ ಬುದ್ಧಿಮಾತು ಹೊಡೆದಾಡಿದವರಿಗೆ ಸರಿ. ಯಾರೂ ಸೇರಿಸಿಕೊಳ್ಳದ ಮಗುವಿಗೆ ಅದನ್ನೇ ಹೇಳಿದರೆ ತಪ್ಪಿನ ಅರ್ಧ ಪಾಲನ್ನು ಅದರ ತಲೆಗೇ ಕಟ್ಟಿದಂತಾಗುತ್ತದೆ.

ಪಿ.ಟಿ. ಪೀರಿಯಡ್ ನೋಡಿ. ಇಬ್ಬರು ನಾಯಕರು ಎದುರುಬದುರು ನಿಂತು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾರೆ. ಚುರುಕಾಗಿ ಓಡುವವರು ಮೊದಲೇ ಹೋಗುತ್ತಾರೆ, ಆಮೇಲೆ ಗೆಳೆಯರು, ಆಮೇಲೆ ತಮ್ಮ ಕೇರಿಯವರು. ಕೊನೆಗೆ ಒಬ್ಬ ಉಳಿಯುತ್ತಾನೆ. ‘ಅವನನ್ನ ನೀವೇ ಇಟ್ಕೊಳ್ರೋ’ ಎಂಬ ಮಾತು ಅವನ ಕಿವಿಗೂ ಬೀಳುತ್ತದೆ. ವಾರಕ್ಕೆರಡು ಸಲ ಹೀಗೆ ಎಲ್ಲರೆದುರು ನಿಲ್ಲುವುದನ್ನು ನಾವು ಆಟ ಎಂದು ಕರೆದು ಸುಮ್ಮನಾಗಿದ್ದೇವೆ. ನಮ್ಮ ಹಳ್ಳಿಯ ಮಕ್ಕಳಲ್ಲಿ ಇದಕ್ಕೆ ಒಳ್ಳೆಯ ಪದ್ಧತಿಯಿತ್ತು. ಸರಿಸಮ ಆಡುವ ಇಬ್ಬರು ಜೋಡಿಯಾಗಿ ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಿದ್ದರು. ‘ಸೂರ್ಯ ಬೇಕಾ, ಚಂದ್ರ ಬೇಕಾ?’ ಎಂದು ಕೇಳಿದಾಗ ನಾಯಕ ಹೆಸರನ್ನು ಆರಿಸಬೇಕಿತ್ತೇ ಹೊರತು ಮುಖವನ್ನಲ್ಲ. ಬಲವೂ ಸಮನಾಗಿ ಹಂಚಿಹೋಗುತ್ತಿತ್ತು, ಬೇಡದವನಾಗಿ ನಿಲ್ಲುವ ಪಾಡೂ ಯಾರಿಗೂ ಬರುತ್ತಿರಲಿಲ್ಲ. ದೈಹಿಕ ಶಿಕ್ಷಕರು ನಾಳೆಯಿಂದಲೇ ಇದನ್ನು ಮತ್ತೆ ತರಬಹುದು. ಒಂದು ರೂಪಾಯಿಯೂ ಬೇಕಿಲ್ಲ.

ಅಮೆರಿಕದ ಷಿಕಾಗೊದಲ್ಲಿ ಶಿಶುವಿಹಾರದ ಶಿಕ್ಷಕಿಯಾಗಿದ್ದ ವಿವಿಯನ್ ಪೇಲಿ, ‘ನೀನು ಆಟಕ್ಕೆ ಬೇಡ ಎಂದು ಯಾರೂ ಯಾರಿಗೂ ಹೇಳುವಂತಿಲ್ಲ’ ಎಂಬ ನಿಯಮವನ್ನು ತರಗತಿಯಲ್ಲಿ ತಂದರು. ಆ ಅನುಭವದ ಪುಸ್ತಕ 1992ರಲ್ಲಿ ಬಂತು. ನಿಯಮ ಹೇರುವ ಮೊದಲು ಅವರು ದೊಡ್ಡ ತರಗತಿಗಳ ಮಕ್ಕಳ ಬಳಿಗೂ ಹೋಗಿ ಇದು ನ್ಯಾಯವೇ, ನಡೆಯುತ್ತದೆಯೇ ಎಂದು ಚರ್ಚಿಸಿದ್ದರು. ನನಗೆ ದೊಡ್ಡದಾಗಿ ಕಾಣುವುದು ಈ ಚರ್ಚೆಯೇ. ಗೆಳೆತನವನ್ನು ಆಜ್ಞೆಯಿಂದ ಹುಟ್ಟಿಸಲಾಗದು, ನಿಜ. ಆದರೆ ಶಾಲೆಯ ಅಂಗಳ ಯಾರೊಬ್ಬರ ಮನೆಯ ಜಗಲಿಯಲ್ಲ. ಅಲ್ಲಿ ಯಾರು ಆಡಬೇಕು ಎಂಬುದು ನಾಲ್ಕು ಜನರ ಇಷ್ಟಕ್ಕೆ ಬಿಟ್ಟ ವಿಷಯವಾಗಬಾರದು.

ನಮ್ಮಲ್ಲಿ ಹೊರಗಿಡುವುದು ಬರೀ ಮಕ್ಕಳ ಮುನಿಸಲ್ಲ. ಅದರ ಬೇರು ಮನೆಯಲ್ಲಿದೆ, ಜಾತಿಯಲ್ಲಿದೆ. ಸತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ತಾನೇ ತಂದ ಗೋಣಿಚೀಲದ ಮೇಲೆ ಬೇರೆ ಕೂರಬೇಕಿತ್ತು. ಈಗ ಗೋಣಿಚೀಲವಿಲ್ಲ. ಆದರೆ ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂದು ಒಂದು ವಾರ ಗಮನಿಸಿದರೆ ಎಷ್ಟೋ ಕಡೆ ಊರಿನ ಕೇರಿಗಳ ನಕ್ಷೆಯೇ ಕಾಣುತ್ತದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆದರೂ ದಲಿತ ಮಹಿಳೆ ಸೌಟು ಹಿಡಿದರೆಂದು ಮಕ್ಕಳಿಗೆ ಊಟ ಬಿಡಿಸಿದ ಪೋಷಕರ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಮೊಟ್ಟೆ ತಿನ್ನುವವರು ಒಂದು ಕಡೆ, ಬಾಳೆಹಣ್ಣು ಪಡೆಯುವವರು ಇನ್ನೊಂದು ಕಡೆ ಎಂದು ಎರಡು ಪಂಕ್ತಿ ಮಾಡುವ ಶಾಲೆ, ಅನುಕೂಲಕ್ಕೆಂದು ಶುರುಮಾಡಿ ಬೇರೆಯದನ್ನೇ ಕಲಿಸುತ್ತದೆ. ತಟ್ಟೆಗೆ ಏನು ಬೀಳಬೇಕು ಎಂಬುದು ಮಗುವಿನ ಇಷ್ಟ. ತಟ್ಟೆ ಎಲ್ಲಿಡಬೇಕು ಎಂಬುದನ್ನು ಹಾಜರಿ ಸಂಖ್ಯೆಯ ಪ್ರಕಾರವೋ ಚೀಟಿ ಎತ್ತಿಯೋ ಶಿಕ್ಷಕರು ನಿರ್ಧರಿಸಲಿ.

ತರಗತಿಯೊಳಗೆ ನಮಗೆ ಒಳ್ಳೆಯ ತಳಹದಿಯೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪುಗಳಲ್ಲಿ ಬೆರೆತು ಕೂರುತ್ತಾರೆ. ಯಾವ ಗುಂಪು ಎಂಬುದು ಕಲಿಕೆಯ ಮೆಟ್ಟಿಲಿನಿಂದ ತೀರ್ಮಾನವಾಗುತ್ತದೆ, ಮನೆತನದಿಂದಲ್ಲ. ನಾಲ್ಕನೇ ತರಗತಿಗೆ ಬಂದದ್ದೇ ಬೆಂಚು ಬರುತ್ತದೆ, ಬೆಂಚಿನ ಜೊತೆ ‘ನಮ್ಮವರು’ ಬರುತ್ತಾರೆ. ದೊಡ್ಡ ತರಗತಿಗಳಲ್ಲೂ ಬೆರೆಸುವ ದಾರಿಯಿದೆ. 1971ರಲ್ಲಿ ಅಮೆರಿಕದ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಗಲಾಟೆಗಳಾದವು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮಕ್ಕಳನ್ನು ಬೆರೆಸಿ ಸಣ್ಣ ಗುಂಪು ಮಾಡಿ, ಪಾಠದ ಒಂದೊಂದು ತುಣುಕನ್ನು ಒಬ್ಬೊಬ್ಬರಿಗೆ ಕೊಟ್ಟರು. ಉಳಿದವರಿಗೆ ಅದನ್ನು ಆ ಮಗುವೇ ಕಲಿಸಬೇಕು. ಅದರ ಮಾತು ಕೇಳದಿದ್ದರೆ ಪರೀಕ್ಷೆಯಲ್ಲಿ ಉತ್ತರವಿಲ್ಲ. ಸಮಾನತೆಯ ಭಾಷಣಕ್ಕಿಂತ ಇಂಥ ಏರ್ಪಾಡಿನ ಮೇಲೆ ನನಗೆ ಹೆಚ್ಚು ನಂಬಿಕೆ.

ಆದರೆ ಒಂಟಿಯಾದ ಮಗು ಯಾವುದೆಂದು ತಿಳಿಯುವುದು ಹೇಗೆ? ಮಕ್ಕಳ ಗ್ರಾಮ ಸಭೆಯಲ್ಲಿ ಶೌಚಾಲಯ ಬೇಕು, ಬಸ್ ಬೇಕು ಎಂದು ಮಕ್ಕಳು ಧೈರ್ಯವಾಗಿ ಕೇಳುತ್ತಾರೆ. ‘ನನ್ನ ಪಕ್ಕ ಯಾರೂ ಕೂರುವುದಿಲ್ಲ’ ಎಂದು ಮೈಕಿನಲ್ಲಿ ಹೇಳುವ ಮಗು ಇರುವುದಿಲ್ಲ. ದೂರು ಪೆಟ್ಟಿಗೆಯೂ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದು, ಅಕ್ಷರ ನೋಡಿದರೆ ಬರೆದವರು ಯಾರೆಂದು ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಎಲ್ಲರಿಂದಲೂ ಚೀಟಿ ಬರೆಸಿ, ಯಾವ ಮೂವರ ಜೊತೆ ಕೆಲಸ ಮಾಡಲು ಇಷ್ಟ ಎಂದು. ಯಾರ ಚೀಟಿಯಲ್ಲೂ ಬಾರದ ಹೆಸರು ಯಾವುದೆಂದು ಶಿಕ್ಷಕರು ಮಾತ್ರ ನೋಡಲಿ. ಮನೋವೈದ್ಯ ಜೇಕಬ್ ಮೊರೆನೊ 1930ರ ದಶಕದಲ್ಲೇ ಬಳಕೆಗೆ ತಂದ ಉಪಾಯವಿದು. ಯಾರು ಇಷ್ಟವಿಲ್ಲ ಎಂದು ಮಾತ್ರ ಎಂದೂ ಕೇಳಬಾರದು. ಕಣ್ಣು ಅಂಗಳದಾಚೆಗೂ ಹೋಗಬೇಕು. ನಗರದ ಶಾಲೆಗಳಲ್ಲಿ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ವಾಟ್ಸ್ಆ್ಯಪ್ ಗುಂಪು ಕಟ್ಟಿಕೊಂಡಾಗ ‘ಅದು ಶಾಲೆಯ ಹೊರಗಿನ ವಿಷಯ’ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ರಾತ್ರಿ ಅಲ್ಲಿ ಆದದ್ದು ಬೆಳಿಗ್ಗೆ ಅದೇ ಬೆಂಚಿನ ಮೇಲೆ ಬಂದು ಕೂರುತ್ತದೆ.

ಒಂಟಿಯಾದ ಮಗುವಿನ ಹೆಸರು ತಿಳಿದ ಮೇಲೆ ಅದನ್ನು ಮುಂದೆ ನಿಲ್ಲಿಸಿ ‘ಇವಳನ್ನು ಸೇರಿಸಿಕೊಳ್ಳಿ’ ಎನ್ನುವುದು ಇನ್ನೊಂದು ಅವಮಾನ. ಮಕ್ಕಳು ಯಾರ ಮಾತು ಕೇಳುತ್ತಾರೋ ಅವರನ್ನು ಬೇರೆಯಾಗಿ ಕರೆದು ಮಾತಾಡಬೇಕು. ಎರಡು ವಾರ ಬಿಟ್ಟು ಮತ್ತೆ ವಿಚಾರಿಸಬೇಕು.

ಎಲ್ಲಕ್ಕಿಂತ ಕಷ್ಟದ್ದು ಪೋಷಕರ ವಿಷಯ. ‘ಸಾರ್, ನನ್ನ ಮಗಳನ್ನ ಅವರ ಪಕ್ಕ ಕೂರಿಸಬೇಡಿ’ ಎಂದು ಊರಿನ ದೊಡ್ಡವರು ಬಂದು ಹೇಳಿದಾಗ ಮುಖ್ಯ ಶಿಕ್ಷಕರು ಒಂಟಿಯಾಗುತ್ತಾರೆ. ವರ್ಗಾವಣೆಯ ಭಯವೂ ಇರುತ್ತದೆ. ದುರ್ಬಲ ವರ್ಗದ ಮಗುವಿಗೆ ತಾರತಮ್ಯವಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಶಾಲೆಯ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಸಮುದಾಯಗಳಿಗೆ ಅವರ ಪಾಲು ಸಿಗಬೇಕು ಎನ್ನುವುದೂ ಅದೇ ಕಾಯ್ದೆ. ಹಾಗಾಗಿ ಕೂರುವ ಜಾಗ, ಊಟದ ಸಾಲು, ಆಟದ ತಂಡ ಇವನ್ನು ನಿರ್ಧರಿಸುವುದು ಶಿಕ್ಷಕರೇ ಎಂದು ಎಸ್‌ಡಿಎಂಸಿ ಜೂನ್‌ನ ಮೊದಲ ಸಭೆಯಲ್ಲೇ ನಿರ್ಣಯ ಬರೆದು ಸಹಿ ಹಾಕಲಿ. ಅದರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೂ ಹೋಗಲಿ. ಆಗ ದೊಡ್ಡವರು ಬಂದು ಕೂತಾಗ ಮೇಷ್ಟ್ರು ನಡಾವಳಿ ಪುಸ್ತಕ ತೆರೆದು, ಅವರದೇ ಸಹಿಯನ್ನು ಅವರಿಗೆ ತೋರಿಸಬಹುದು.