ಪಿಕಪ್‌ನಲ್ಲಿ ಫೋರ್ ವೀಲ್ ಡ್ರೈವ್ ಇದ್ದರೆ ಸಾಲದು: 2ಎಚ್, 4ಎಚ್, 4ಎಲ್ ಯಾವಾಗ ಬಳಸಬೇಕು?

ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂತಹ ಪಿಕಪ್‌ಗಳು ಈಗ ತೋಟದ ಕೆಲಸಕ್ಕಷ್ಟೇ ಅಲ್ಲ, ವಾರಾಂತ್ಯದ ಪ್ರವಾಸಕ್ಕೂ ಹೊರಡುತ್ತಿವೆ. ಆದರೆ ಕೆಸರಿನಲ್ಲಿ ಹೂತ ಮೇಲೆ ಫೋರ್ ವೀಲ್ ಡ್ರೈವ್ ಗುಂಡಿ ಹುಡುಕಿದರೆ ಹೆಚ್ಚು ಪ್ರಯೋಜನವಿಲ್ಲ. ಹಾದಿ ಕೆಡುವ ಮೊದಲೇ ಅದನ್ನು ಹಾಕಿಕೊಳ್ಳುವುದು ಮೊದಲ ಪಾಠ.

ಖಾಲಿ ಪಿಕಪ್ ಯಾಕೆ ಜಾರುತ್ತದೆ?

ಎಂಜಿನ್‌ನ ಭಾರವೆಲ್ಲ ಮುಂದೆ, ಹಿಂದೆ ಖಾಲಿ ತೊಟ್ಟಿ. ಸಾಮಾನ್ಯ ಓಡಾಟದಲ್ಲಿ ಶಕ್ತಿ ಹೋಗುವುದು ಮಾತ್ರ ಹಿಂದಿನ ಚಕ್ರಗಳಿಗೆ. ಹಾಗಾಗಿ ಒದ್ದೆ ಹುಲ್ಲು, ಜೇಡಿಮಣ್ಣಿನ ಮೇಲೆ ಹಗುರವಾದ ಹಿಂಭಾಗ ಸುಲಭವಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಮೂರು ಆಯ್ಕೆಗಳ ಅರ್ಥ

2ಎಚ್: ಡಾಂಬರು, ಕಾಂಕ್ರೀಟ್ ರಸ್ತೆಗೆ.

4ಎಚ್: ಕೆಸರು, ಮರಳು, ಸಡಿಲ ಜಲ್ಲಿ ಹಾದಿಗೆ. ಒಣ ಡಾಂಬರಿನಲ್ಲಿ ಇದು ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಎರಡೂ ಆಕ್ಸಲ್‌ಗಳು ಒಂದೇ ವೇಗಕ್ಕೆ ಬಿಗಿದಿರುವುದರಿಂದ ಒತ್ತಡವೆಲ್ಲ ಗೇರ್‌ಗಳ ಮೇಲೆ ಬೀಳುತ್ತದೆ. ಮಣ್ಣಿನಲ್ಲಾದರೆ ಚಕ್ರ ತುಸು ಜಾರಿ ಆ ಒತ್ತಡ ಇಳಿಯುತ್ತದೆ.

4ಎಲ್: ಕಡಿದಾದ ಏರು, ಇಳಿಜಾರು, ಬಂಡೆಗಳಿಗೆ. ಹಲವು ಪಿಕಪ್‌ಗಳಲ್ಲಿ ಚಕ್ರಕ್ಕೆ ಸಿಗುವ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ, ವೇಗ ಅಷ್ಟೇ ತಗ್ಗುತ್ತದೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಇದನ್ನು ಹಾಕಬೇಕು.

ನಾಲ್ಕು ಚಕ್ರಕ್ಕೂ ಶಕ್ತಿ ಇದ್ದರೂ ನಿಂತುಬಿಡುವುದೇಕೆ?

ಹಳ್ಳದಲ್ಲಿ ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಡಿಫರೆನ್ಷಿಯಲ್ ಆ ಚಕ್ರವನ್ನೇ ಸುಮ್ಮನೆ ತಿರುಗಿಸುತ್ತದೆ, ನೆಲ ಕಚ್ಚಿದ ಚಕ್ರಕ್ಕೆ ಬಲ ಸಿಗುವುದಿಲ್ಲ. ಹೈಲಕ್ಸ್‌ನಲ್ಲಿರುವಂತೆ ಹಿಂದಿನ ಡಿಫರೆನ್ಷಿಯಲ್ ಲಾಕ್ ಇದ್ದರೆ ಎರಡೂ ಹಿಂಬದಿ ಚಕ್ರಗಳು ಒಟ್ಟಿಗೆ ತಿರುಗುತ್ತವೆ. ಹಳ್ಳ ದಾಟಿದ ಕೂಡಲೇ ಲಾಕ್ ತೆಗೆಯಬೇಕು. ಇಲ್ಲದಿದ್ದರೆ ಗಾಡಿ ಸರಿಯಾಗಿ ತಿರುಗದು.

ಕಲಿಯುವವರು ನೆನಪಿಡಬೇಕಾದ್ದು

* ಇಳಿಜಾರಿನಲ್ಲಿ 4ಎಲ್, ಮೊದಲ ಗೇರ್. ಕ್ಲಚ್ ಒತ್ತಬೇಡಿ, ಎಂಜಿನ್ನೇ ಗಾಡಿಯನ್ನು ತಡೆಯಲಿ.
* ಏರಿನಲ್ಲಿ ಅರ್ಧಕ್ಕೆ ನಿಂತರೆ ಗಾಡಿ ತಿರುಗಿಸಲು ಹೋಗಬೇಡಿ, ಪಲ್ಟಿಯಾಗುವ ಅಪಾಯವಿದೆ. ರಿವರ್ಸ್ ಗೇರ್‌ನಲ್ಲಿ ನೇರವಾಗಿ ಇಳಿಯಿರಿ.
* ಮರಳಿನಲ್ಲಿ ಟೈರ್ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿದರೆ ಟೈರ್ ಅಗಲವಾಗಿ ನೆಲ ಹಿಡಿಯುತ್ತದೆ. ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸುವುದು ಕಡ್ಡಾಯ.
* ಹೆಬ್ಬೆರಳನ್ನು ಸ್ಟೀರಿಂಗ್ ಒಳಗೆ ಸಿಕ್ಕಿಸಬೇಡಿ. ಚಕ್ರ ಬಂಡೆಗೆ ಬಡಿದಾಗ ಸ್ಟೀರಿಂಗ್ ಥಟ್ಟನೆ ತಿರುಗಿ ಬೆರಳಿಗೆ ಪೆಟ್ಟಾಗಬಹುದು.
* ಸಿಕ್ಕಿಬಿದ್ದಾಗ ಟೋ ಬಾಲ್‌ಗೆ ಹಗ್ಗ ಕಟ್ಟಿ ಎಳೆಯಬೇಡಿ. ಅದು ಮುರಿದು ಗುಂಡಿನಂತೆ ಹಾರಿ ಜೀವ ತೆಗೆಯಬಹುದು. ಕಂಪನಿ ಸೂಚಿಸಿದ ಕೊಂಡಿಯನ್ನೇ ಬಳಸಿ, ಉಳಿದವರನ್ನು ದೂರ ನಿಲ್ಲಿಸಿ.

ನದಿ ಆಟದ ಮೈದಾನವಲ್ಲ

2023ರ ಡಿಸೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಲಾಹೌಲ್‌ನಲ್ಲಿ ಚಂದ್ರಾ ನದಿಯೊಳಗೆ ಎಸ್‌ಯುವಿ ಓಡಿಸಿದ ವಿಡಿಯೋ ವೈರಲ್ ಆಗಿ, ಪೊಲೀಸರು ಚಾಲಕನಿಗೆ ದಂಡ ಹಾಕಿದ್ದರು. ಆಳ ಗೊತ್ತಿಲ್ಲದ, ಹರಿವು ಜೋರಾಗಿರುವ ನೀರಿಗೆ ಇಳಿಯದಿರುವುದೇ ಜಾಣತನ. ಅರಣ್ಯ ಪ್ರದೇಶಕ್ಕೆ ಅನುಮತಿ ಬೇಕು.

ಲೋನಾವಳವಿರಲಿ, ಸಕಲೇಶಪುರವಿರಲಿ, ಮೊದಲ ಸಲ ಒಬ್ಬರೇ ಹೋಗಬೇಡಿ. ಜೊತೆಗೆ ಇನ್ನೊಂದು ಗಾಡಿ, ಕೆಳಗಿಳಿದು ದಾರಿ ತೋರಿಸುವ ಒಬ್ಬರು ಇರಲಿ. ಕೆಟ್ಟ ಹಾದಿ ಕಂಡಾಗ ಮೊದಲು ನಡೆದು ನೋಡಿ. ನಡೆಯಲಾಗದ ಕಡೆ ಗಾಡಿ ಇಳಿಸದಿದ್ದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ.